ಪೊರಕೆ, ಜೊಂಡು ಮತ್ತು ಒಂದು ಸಮ್ಮತಿ ಪತ್ರ: ನಮ್ಮ ವೈನರಿಯ ಕೊಳೆನೀರಿನ ಮೂರೂವರೆ ವರ್ಷ

ಕಳೆದ ವಾರ ನಮ್ಮ ವೈನರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಾರ್ಯಾಚರಣೆಯ ಸಮ್ಮತಿ ಪತ್ರ ಬಂದಿತು. ನಾಲ್ಕು ಪುಟಗಳ ಆ ಕಾಗದಕ್ಕಾಗಿ ಮೂರೂವರೆ ವರ್ಷ ಕಾದೆವು, ಸುಮಾರು 12 ಲಕ್ಷ ರೂಪಾಯಿ ಖರ್ಚು ಮಾಡಿದೆವು, ನೆಟ್ಟ 800 ಜೊಂಡಿನ ಸಸಿಗಳನ್ನು ಒಮ್ಮೆ ಪೂರ್ತಿ ಕಳೆದುಕೊಂಡು ಮತ್ತೆ ನೆಟ್ಟೆವು. ಸಣ್ಣ ವೈನರಿ ನಡೆಸುವ ಪರಿಚಯದವರು ಇಬ್ಬರು ಈಗಾಗಲೇ ಫೋನ್ ಮಾಡಿ, ‘ವೈನರಿಯ ಕೊಳೆನೀರು ಶುದ್ಧವಾಗಲು ಜೊಂಡು ನೆಟ್ಟರೆ ಸಾಕಂತೆ, ಹೌದೇ?’ ಎಂದು ಕೇಳಿದ್ದಾರೆ. ಸಾಲದು ಎಂಬುದನ್ನು ವಿವರವಾಗಿ ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತೋಟ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿ ಬೆಟ್ಟದ ತಪ್ಪಲಿನಲ್ಲಿದೆ. 12 ಎಕರೆಯಲ್ಲಿ ಮೊದಲು ಬೆಂಗಳೂರು ನೀಲಿ ದ್ರಾಕ್ಷಿಯಿತ್ತು. 2007ರಲ್ಲಿ ರಾಜ್ಯದ ವೈನ್ ನೀತಿ ಬಂದ ಮೇಲೆ ನಮ್ಮ ಮಾವನವರು ಅರ್ಧದಷ್ಟು ಬಳ್ಳಿ ಕಿತ್ತು ಶಿರಾಜ್ ಹಾಕಿದರು. ಸುತ್ತಲಿನ ರೈತರಿಂದ ಕೊಳ್ಳುವುದೂ ಸೇರಿ ವರ್ಷಕ್ಕೆ ಸುಮಾರು 40 ಟನ್ ಹಣ್ಣು ಅರೆಯುತ್ತೇವೆ, 26 ಸಾವಿರ ಲೀಟರಿನಷ್ಟು ವೈನ್ ಆಗುತ್ತದೆ. ಒಂದು ಲೀಟರ್ ವೈನಿಗೆ ನಮ್ಮಲ್ಲಿ ನಾಲ್ಕು ಲೀಟರ್ ತೊಳೆದ ನೀರು ಚರಂಡಿಗೆ ಹೋಗುತ್ತದೆ: ತೊಟ್ಟಿ, ಪ್ರೆಸ್ಸು, ಪೀಪಾಯಿ, ಪೈಪು, ನೆಲ, ಎಲ್ಲವನ್ನೂ ತೊಳೆದದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಜನವರಿ ಕೊನೆಯಿಂದ ಏಪ್ರಿಲ್‌ವರೆಗಿನ ಹತ್ತು ವಾರಗಳಲ್ಲೇ ಬರುತ್ತದೆ. ನಾವು ಎಡವಿದ್ದೆಲ್ಲ ಈ ಹತ್ತು ವಾರಗಳ ಲೆಕ್ಕದಲ್ಲೇ.

2022ರ ಮಾರ್ಚ್‌ವರೆಗೆ ಆ ನೀರು ಹಿಂದಿನ ಇಂಗುಗುಂಡಿಗೆ ಹೋಗುತ್ತಿತ್ತು. ಸಮ್ಮತಿ ನವೀಕರಣದ ಪರಿಶೀಲನೆಗೆ ಬಂದ ಅಧಿಕಾರಿ ಗುಂಡಿಯ ಅಂಚಿನಲ್ಲಿ ನಿಂತು ಮೂಗಿಗೆ ಕರವಸ್ತ್ರ ಹಿಡಿದು, ‘ಇದು ಎಲ್ಲಿಗೆ ಹೋಗುತ್ತದೆ?’ ಎಂದರು. ಮಾವನವರು, ‘ಭೂಮಿಗೆ ಸ್ವಾಮಿ’ ಎಂದರು. ‘ಭೂಮಿಯಿಂದ?’ ಎಂದು ಕೇಳಿದಾಗ ನಾವಿಬ್ಬರೂ ಮಾತನಾಡಲಿಲ್ಲ. ಗುಂಡಿಯಿಂದ ಇಳಿಜಾರಿನಲ್ಲಿ ನೂರು ಅಡಿ ಕೆಳಗೆ ಪಕ್ಕದವರ ಕೊಳವೆಬಾವಿ ಇದೆ. ಅರ್ಕಾವತಿ ಹುಟ್ಟುವುದು ಇದೇ ಬೆಟ್ಟದಲ್ಲಿ, ಅದು ಹೋಗಿ ಸೇರುವುದು ತಿಪ್ಪಗೊಂಡನಹಳ್ಳಿ ಜಲಾಶಯವನ್ನು. 2003ರಲ್ಲೇ ಸರ್ಕಾರ ಆ ಜಲಾನಯನ ಪ್ರದೇಶದ ಚಟುವಟಿಕೆಗಳಿಗೆ ಅಧಿಸೂಚನೆ ಹೊರಡಿಸಿ ನಿರ್ಬಂಧ ಹಾಕಿದೆ. ಆದ್ದರಿಂದ ಈ ಕಡೆಯವರು ಯಾರೇ ಆಗಲಿ, ಅರ್ಜಿ ತುಂಬುವ ಮೊದಲು ತಮ್ಮ ಸರ್ವೆ ನಂಬರು ಆ ಅಧಿಸೂಚನೆಯ ಯಾವ ವಲಯದಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ನಾವು ನೋಡಿದ್ದು ಅರ್ಜಿ ಹಾಕಿದ ಮೇಲೆ.

ಮೊದಲ ಸಲಹೆಗಾರರು ಏಪ್ರಿಲ್‌ನಲ್ಲಿ ಬಂದು 90 ಸಾವಿರ ಪಡೆದು ನಕ್ಷೆಯೊಂದನ್ನು ಕೊಟ್ಟರು. ಜುಲೈನಲ್ಲಿ ಅವರೇ ನೀರಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕೊಟ್ಟರು, ಬಿಒಡಿ (ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 210 ಮಿಲಿಗ್ರಾಂ ಎಂದು ವರದಿ ಬಂತು. ನಮಗೆ ಸಂತೋಷವೇ ಆಯಿತು, ಏಕೆಂದರೆ ಸಾಮಾನ್ಯ ಮನೆಯ ಕೊಳಚೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಂಡಳಿಗೆ ಕೊಟ್ಟಿದ್ದ ಕಡತ ನವೆಂಬರ್‌ನಲ್ಲಿ ಹಿಂದಿರುಗಿತು, ಜೊತೆಗೊಂದು ಪ್ರಶ್ನೆ: ‘ಮಾದರಿ ತೆಗೆದ ದಿನ ಹಣ್ಣು ಅರೆಯುತ್ತಿದ್ದಿರಾ?’ ಇಲ್ಲ. ಜುಲೈನಲ್ಲಿ ವೈನರಿಯಲ್ಲಿ ಬಾಟಲಿ ತೊಳೆಯುವುದನ್ನು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ನಂತರ ತಿಳಿಯಿತು, ಆ ನಕ್ಷೆ ಯಾವುದೋ ರೆಸಾರ್ಟಿನ ಶೌಚಾಲಯದ ನೀರಿಗೆ ಮಾಡಿದ್ದರ ನಕಲು. ಹೆಸರು ಮಾತ್ರ ಬದಲಾಗಿತ್ತು. ಕಡತ ವಾಪಸಾದದ್ದು ನ್ಯಾಯವೇ ಆಗಿತ್ತು. ಆದರೆ ಮುಂದಿನ ಮಾದರಿಗೆ ಫೆಬ್ರುವರಿಯವರೆಗೆ ಕಾಯದೆ ದಾರಿಯಿರಲಿಲ್ಲ, ಹಣ್ಣು ಕಡತಕ್ಕಾಗಿ ಬೇಗ ಹಣ್ಣಾಗುವುದಿಲ್ಲವಲ್ಲ.

2023ರ ಫೆಬ್ರುವರಿಯಲ್ಲಿ ಶಿರಾಜ್ ಅರೆಯುವ ದಿನ ನಾನೇ ನಿಂತು ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಲೋಟದಂತೆ ನೀರು ಸಂಗ್ರಹಿಸಿ, ಬೆರೆಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ರಾತ್ರಿ ಬೆಂಗಳೂರಿಗೆ ಒಯ್ದೆ. ಒಂದೇ ಸಲ ಒಂದು ಬಾಟಲಿ ತುಂಬಿಸಿ ಕೊಡಬೇಡಿ. ವೈನರಿಯ ನೀರು ಗಂಟೆಗೊಂದು ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ರಸ ಬೆರೆತಾಗ ಹುಳಿ, ಕಾಸ್ಟಿಕ್ ಸೋಡಾದಿಂದ ತೊಟ್ಟಿ ತೊಳೆದಾಗ ಕ್ಷಾರ. ವರದಿ ಬಂತು: ಹುಳಿ-ಕ್ಷಾರದ ಅಳತೆಯಾದ ಪಿಎಚ್ 4.1, ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಕರಗಿಸಲು ಬೇಕಾಗುವ ಆಮ್ಲಜನಕ) 7,400, ಬಿಒಡಿ 4,600. ಜುಲೈನ ಅಂಕಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಸಂಸ್ಕರಿಸಿದ ನೀರನ್ನು ನೆಲಕ್ಕೆ, ನೀರಾವರಿಗೆ ಬಿಡುವುದಾದರೆ ಬಿಒಡಿ 100ರ ಒಳಗಿರಬೇಕು. ಹಳ್ಳಕ್ಕೆ ಅಥವಾ ಕೆರೆಗೆ ಬಿಡುವುದಾದರೆ 30ರ ಒಳಗೆ, ಸಿಒಡಿ 250ರ ಒಳಗೆ. ಎರಡಕ್ಕೂ ಪಿಎಚ್ 5.5ರಿಂದ 9ರ ನಡುವೆ. ನಮ್ಮಲ್ಲಿ ಬಿಒಡಿಯನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನವಿಟ್ಟು ಅಳೆಯುತ್ತಾರೆ. ವಿದೇಶಿ ಪುಸ್ತಕಗಳಲ್ಲಿ ಬರುವ ಐದು ದಿನ, 20 ಡಿಗ್ರಿಯ ಅಂಕಿಗಳೊಂದಿಗೆ ಹೋಲಿಸುವಾಗ ಇದನ್ನು ನೆನಪಿಡಬೇಕು. ನಾವು ನೀರಾವರಿಯ ದಾರಿಯನ್ನೇ ಆರಿಸಿಕೊಂಡೆವು.

ಎರಡನೆಯ ಎಂಜಿನಿಯರ್ ನಿವೃತ್ತರು, ಮಿತಭಾಷಿ. ವರದಿ ನೋಡಿದವರು ಅಂಕಿಗಳ ಬಗ್ಗೆ ಏನನ್ನೂ ಹೇಳದೆ, ‘ನಿಮ್ಮಲ್ಲಿ ನೆಲ ಗುಡಿಸುತ್ತಾರೋ, ತೊಳೆಯುತ್ತಾರೋ?’ ಎಂದು ಕೇಳಿದರು. ತೊಳೆಯುತ್ತಿದ್ದೆವು. ಸಿಪ್ಪೆ, ಬೀಜ, ತೊಟ್ಟಿಯ ತಳದ ಗಸಿ ಎಲ್ಲವೂ ಪೈಪಿನ ನೀರಿನ ರಭಸಕ್ಕೆ ಚರಂಡಿಗೆ ಓಡುತ್ತಿತ್ತು. ಅವರು ಕಾಗದದ ಮೇಲೆ ಒಂದು ಲೆಕ್ಕ ಬರೆದು ತೋರಿಸಿದರು. ಶೇ 12ರ ಆಲ್ಕೋಹಾಲ್ ಇರುವ ಒಂದು ಲೀಟರ್ ವೈನಿನ ಸಿಒಡಿ ಸುಮಾರು 2 ಲಕ್ಷ ಮಿಲಿಗ್ರಾಂ. ಅಂದರೆ ಹತ್ತು ಲೀಟರ್ ಚೆಲ್ಲಿದರೆ 2 ಕಿಲೋ. ಹಣ್ಣು ಅರೆಯುವ ದಿನ 3,000 ಲೀಟರ್ ನೀರು ಹೊರಬರುವ ನಮ್ಮಲ್ಲಿ ಆ ದಿನದ ಒಟ್ಟು ಹೊರೆ 22 ಕಿಲೋ. ಒಂದು ಬಕೆಟ್ ವೈನ್ ಅಜಾಗರೂಕತೆಯಿಂದ ಚೆಲ್ಲಿದರೆ ಇಡೀ ದಿನದ ಹೊರೆಯ ಹತ್ತನೆಯ ಒಂದು ಭಾಗ ಹೆಚ್ಚಿದಂತೆ. ‘ಮೊದಲು ಪೊರಕೆ ಕೊಳ್ಳಿ, ಆಮೇಲೆ ಜೊಂಡಿನ ಮಾತು’ ಎಂದು ಹೇಳಿ ಹೊರಟುಹೋದರು.

ಇದು ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಭಾಗ, ನಾನು ಕಂಡಂತೆ ಅತ್ಯಂತ ಮುಖ್ಯವಾದದ್ದೂ ಹೌದು. ರಬ್ಬರಿನ ಉದ್ದ ಒರೆಸುಕೋಲು, ಪೊರಕೆ, ಗಸಿಗೆಂದೇ ಎರಡು ಡ್ರಮ್ಮು, ಚರಂಡಿಯ ಬಾಯಿಗೆ ಎರಡು ಹಂತದ ಸ್ಟೀಲ್ ಜರಡಿ, ಇಷ್ಟಕ್ಕೆ 14 ಸಾವಿರ ಸಾಕಾಯಿತು. ಗಸಿ ಮತ್ತು ಸಿಪ್ಪೆಯನ್ನು ಸವರಿದ ಬಳ್ಳಿಯ ಕಡ್ಡಿಯೊಂದಿಗೆ ಬೆರೆಸಿ ಕಾಂಪೋಸ್ಟ್ ಮಾಡುತ್ತೇವೆ. ಕಾಸ್ಟಿಕ್ ಸೋಡಾ ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸತೊಡಗಿದೆವು. ಬೆಲೆ ಹೆಚ್ಚು, ಆದರೆ ಸೋಡಿಯಂ ಸೇರಿದ ನೀರನ್ನು ವರ್ಷಗಟ್ಟಲೆ ಹಾಯಿಸಿದರೆ ಮಣ್ಣು ಕಟ್ಟಿಕೊಂಡು ನೀರು ಇಂಗುವುದೇ ನಿಲ್ಲುತ್ತದೆ. ಕೆಲಸದ ಹುಡುಗರಿಗೆ ಪೊರಕೆಯ ಅಭ್ಯಾಸವಾಗಲು ಒಂದು ಇಡೀ ಸುಗ್ಗಿ ಬೇಕಾಯಿತು, ಪೈಪು ಹಿಡಿದರೆ ಕೆಲಸ ಬೇಗ ಮುಗಿಯುತ್ತದಲ್ಲ.

ಜೊಂಡಿನ ಮಡಿ, ಅಂದರೆ ಜಲ್ಲಿ ತುಂಬಿ ಜೊಂಡು ನೆಟ್ಟು ಕೊಳೆನೀರು ಹಾಯಿಸುವ ಪಾತಿ, ಏನು ಮಾಡುತ್ತದೆ ಎಂಬುದನ್ನು ಅರಿಯಲು ನಾನು ಯಲಹಂಕದ ಹತ್ತಿರದ ಜಕ್ಕೂರು ಕೆರೆಗೆ ಹೋಗಿದ್ದೆ. ಅಲ್ಲಿ ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಆಪು, ಜೊಂಡು ಬೆಳೆದ ಜೌಗಿನ ಮೂಲಕ ಹಾಯ್ದು ಕೆರೆ ಸೇರುತ್ತದೆ. ನೋಡಲು ಬಹಳ ಚೆನ್ನಾಗಿದೆ, ಆದರೆ ಅದು ಆಗಲೇ ಸಂಸ್ಕರಿಸಿದ ನೀರಿಗೆ ಕೊಡುವ ಕೊನೆಯ ಸಂಸ್ಕಾರ. 4,600 ಬಿಒಡಿಯ ನೀರನ್ನು ಹಾಗೆ ಬಿಟ್ಟರೆ ಜೌಗೇ ಕೊಳೆತುಹೋಗುತ್ತದೆ. ಜರ್ಮನಿಯಲ್ಲಿ 1950ರ ದಶಕದಲ್ಲಿ ಕೇಟೆ ಸೈಡೆಲ್ ಎಂಬ ವಿಜ್ಞಾನಿ ಜೊಂಡಿನಿಂದ ಕೊಳಚೆ ಶುದ್ಧೀಕರಿಸುವ ಪ್ರಯೋಗ ಆರಂಭಿಸಿದಂದಿನಿಂದ ಈ ವಿದ್ಯೆ ಬೆಳೆಯುತ್ತ ಬಂದಿದೆ. ಕ್ಯಾಲಿಫೋರ್ನಿಯಾ, ಇಟಲಿ, ದಕ್ಷಿಣ ಆಫ್ರಿಕಾದ ವೈನ್ ಸೀಮೆಗಳಲ್ಲಿ ಇದನ್ನು ವೈನರಿ ನೀರಿಗೇ ಅಳವಡಿಸಿ ನೋಡಿದ್ದಾರೆ. ಜೊಂಡು ಕೊಳೆಯನ್ನು ಕುಡಿಯುವುದಿಲ್ಲ. ಜಲ್ಲಿಯ ಮೈಗೆ ಲೋಳೆಯಂತೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ; ಜೊಂಡಿನ ಬೇರು ಜಲ್ಲಿಯ ಸಂದುಗಳನ್ನು ತೆರೆದಿಡುತ್ತದೆ, ಟೊಳ್ಳು ಕಾಂಡದ ಮೂಲಕ ಒಂದಿಷ್ಟು ಗಾಳಿಯನ್ನು ಕೆಳಗಿಳಿಸುತ್ತದೆ.

ಕೊನೆಗೆ ನಿಂತ ವಿನ್ಯಾಸ ಹೀಗಿದೆ. ಜರಡಿ ದಾಟಿದ ನೀರು 10 ಸಾವಿರ ಲೀಟರಿನ ಸಮತೋಲನ ತೊಟ್ಟಿಗೆ ಬರುತ್ತದೆ. ಅಲ್ಲಿ ಹುಳಿ ಮತ್ತು ಕ್ಷಾರ ಒಂದನ್ನೊಂದು ಕಳೆಯುತ್ತವೆ, ಉಳಿದ ಹುಳಿಗೆ ಸುಣ್ಣ ಹಾಕುತ್ತೇವೆ. ನಂತರ ಒಳಗೆ ಅಡ್ಡಗೋಡೆಗಳಿರುವ, ಗಾಳಿಯಾಡದ ಮುಚ್ಚಿದ ತೊಟ್ಟಿ, ನಾಲ್ಕು ದಿನದ ನೀರು ಹಿಡಿಯುವಷ್ಟು ದೊಡ್ಡದು. ಹೊರೆಯ ಮುಕ್ಕಾಲು ಪಾಲು ಇಲ್ಲೇ ಇಳಿಯುತ್ತದೆ. ಆಮೇಲೆ ತಲಾ 60 ಚದರ ಮೀಟರಿನ ಎರಡು ಮಡಿಗಳು. ನೀರನ್ನು ದಿನಕ್ಕೆ ನಾಲ್ಕು ಸಲ ಮೇಲಿನಿಂದ ಸುರಿದಾಗ ಅದು ಜಲ್ಲಿಯೊಳಗೆ ಇಳಿಯುತ್ತ ಹಿಂದೆಯೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಾಲ್ಕು ದಿನ ಒಂದು ಮಡಿಗೆ, ನಾಲ್ಕು ದಿನ ಇನ್ನೊಂದಕ್ಕೆ; ವಿಶ್ರಾಂತಿ ಕೊಡದಿದ್ದರೆ ಲೋಳೆ ಬೆಳೆದು ಜಲ್ಲಿ ಕಟ್ಟಿಕೊಳ್ಳುತ್ತದೆ. ಕೊನೆಯದು 80 ಚದರ ಮೀಟರಿನ ಅಡ್ಡ ಹರಿವಿನ ಮಡಿ, ಅಲ್ಲಿ ನೀರು ಜಲ್ಲಿಯ ಮೇಲ್ಮೈಯಿಂದ ನಾಲ್ಕು ಬೆರಳು ಕೆಳಗೇ ಆರು ದಿನ ತೆವಳುತ್ತದೆ. ಮೇಲೆ ನೀರು ನಿಲ್ಲದ ಕಾರಣ ಸೊಳ್ಳೆ ಕಾಣಿಸಲಿಲ್ಲ. ಊರಿನವರ ಮೊದಲ ಪ್ರಶ್ನೆಯೇ ಅದಾಗಿತ್ತು.

ಒಂದು ವಿಷಯ ಯಾವ ಮಾರಾಟಗಾರರೂ ಹೇಳಲಿಲ್ಲ. ವೈನರಿಯ ನೀರಿನಲ್ಲಿ ಸಕ್ಕರೆ, ಆಲ್ಕೋಹಾಲ್, ಆಮ್ಲ ಹೇರಳ; ಸಾರಜನಕ, ರಂಜಕ ಬಹಳ ಕಡಿಮೆ. ಸೂಕ್ಷ್ಮಜೀವಿಗಳಿಗೆ ಬಿಒಡಿ 100 ಪಾಲಿಗೆ ಸಾರಜನಕ 5, ರಂಜಕ 1 ಪಾಲು ಬೇಕೆಂಬುದು ರೂಢಿಯ ಲೆಕ್ಕ. ಮೊದಲು ಯೂರಿಯಾ ಹಾಕುವ ಯೋಚನೆಯಿತ್ತು. ಕೆಲಸಗಾರರ ಶೌಚಾಲಯದ ಸೆಪ್ಟಿಕ್ ತೊಟ್ಟಿಯಿಂದ ಹೊರಬರುವ ನೀರನ್ನೇ ಮಡಿಗೆ ಸೇರಿಸಿದರೆ ಆ ಕೊರತೆ ಪುಕ್ಕಟೆ ನೀಗುತ್ತದೆ ಎಂದು ಎಂಜಿನಿಯರ್ ಸೂಚಿಸಿದರು. ಸೇರಿಸಿದೆವು, ಆದರೆ ಅರ್ಜಿಯಲ್ಲಿ ಗೃಹಬಳಕೆಯ ನೀರನ್ನೂ ಕೈಗಾರಿಕಾ ನೀರನ್ನೂ ಬೇರೆ ಬೇರೆ ತೋರಿಸಿದ್ದೆವಾದ್ದರಿಂದ ನೀರಿನ ಸಮತೋಲನ ಪಟ್ಟಿ, ನಕ್ಷೆ ಎರಡನ್ನೂ ಹೊಸದಾಗಿ ಕೊಡಬೇಕಾಯಿತು. ಎರಡೂವರೆ ತಿಂಗಳು ಅದಕ್ಕೇ ಹೋಯಿತು. ಸೇರಿಸುವ ಉದ್ದೇಶವಿರುವವರು ಮೊದಲ ನಕ್ಷೆಯಲ್ಲೇ ತೋರಿಸಿಬಿಡಿ.

ದಾಖಲೆಗಳ ವಿಷಯ. ಪಹಣಿ, ಭೂ ಪರಿವರ್ತನೆಯ ಆದೇಶ, ಸರ್ವೆ ನಕ್ಷೆ, ಪಾಲುದಾರಿಕೆ ಪತ್ರ, ಅಬಕಾರಿ ಪರವಾನಗಿ, ತಯಾರಿಕೆಯ ಹಂತಗಳ ಪಟ್ಟಿ, ನೀರಿನ ಮೂಲದ ವಿವರ, ಬಂಡವಾಳದ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ. ಶುಲ್ಕ ನಿಗದಿಯಾಗುವುದು ಆ ಬಂಡವಾಳದ ಅಂಕಿಯ ಮೇಲೆ, ಆದ್ದರಿಂದ ಅದನ್ನು ಕೊನೆಗೆ ಬಿಡಬೇಡಿ. ನಮ್ಮಲ್ಲಿ ತಡವಾದದ್ದು ಭೂ ಪರಿವರ್ತನೆಯ ಕಾಗದದಿಂದ: ವೈನರಿ ಕಟ್ಟಡವಿರುವ 20 ಗುಂಟೆ ಪರಿವರ್ತನೆಯಾಗಿತ್ತು, ಮಡಿಗಳು ಬರುವ ಜಾಗ ಇನ್ನೂ ಕೃಷಿ ಭೂಮಿಯಾಗಿತ್ತು. ಮಡಿಗಳನ್ನು ಪರಿವರ್ತಿತ ಜಾಗದೊಳಕ್ಕೆ ಎಳೆದು, ವಾಹನ ನಿಲ್ಲಿಸುವ ಅಂಗಳ ಬಿಟ್ಟುಕೊಟ್ಟು ಹೊಂದಿಸಿದೆವು. ಘಟಕ ಕಟ್ಟಲು ಬೇಕಾದ ಸ್ಥಾಪನೆಯ ಸಮ್ಮತಿ 2023ರ ಸೆಪ್ಟೆಂಬರ್‌ನಲ್ಲಿ ಬಂತು.

ನವೆಂಬರ್‌ನಲ್ಲಿ ಅಗೆಯುವ ಕೆಲಸ ಆರಂಭಿಸಿದೆವು. ನೀರು ಇಂಗದಂತೆ ಮಡಿಯ ತಳಕ್ಕೆ ಹಾಸುವ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಯನ್ನು ಬೆಸೆದವರು ಹೊರಟ ಕೂಡಲೇ ಜಲ್ಲಿ ತುಂಬಬೇಡಿ. ನಾವು ನೀರು ತುಂಬಿಸಿ ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಮೂರು ದಿನ ಬಿಟ್ಟೆವು. ಬಕೆಟ್ಟಿನ ನೀರು ಒಂದೂವರೆ ಸೆಂಟಿಮೀಟರ್ ಇಳಿದಿತ್ತು, ಅದು ಬಿಸಿಲಿಗೆ ಆರಿದ್ದು. ಎರಡನೆಯ ಮಡಿಯ ನೀರು ಆರು ಸೆಂಟಿಮೀಟರ್ ಇಳಿದಿತ್ತು. ಮೂಲೆಯಲ್ಲಿ ಚೂಪು ಕಲ್ಲೊಂದು ಹಾಳೆಯನ್ನು ಚುಚ್ಚಿತ್ತು. ಆಮೇಲೆ ಎಲ್ಲ ಮಡಿಗಳ ತಳಕ್ಕೂ ಮರಳು ಹರಡಿ ಹಾಳೆ ಹಾಸಿದೆವು. ಜಲ್ಲಿ 5,000 ಘನ ಅಡಿಯಷ್ಟು ಬೇಕಾಯಿತು. ಮೊದಲ ಲೋಡುಗಳಲ್ಲಿ ಕ್ರಷರಿನ ಪುಡಿ ಎಷ್ಟಿತ್ತೆಂದರೆ ಕೈಯಲ್ಲಿ ಹಿಡಿದರೆ ಹಿಟ್ಟಿನಂತೆ ಉದುರುತ್ತಿತ್ತು. ತೊಳೆದ ಜಲ್ಲಿ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಾವು ಬರೆಸಿರಲಿಲ್ಲ, ಜನವರಿಯ ಚಳಿಯಲ್ಲಿ ಹನ್ನೆರಡು ಜನ ಐದು ದಿನ ಜಲ್ಲಿ ತೊಳೆದರು.

ಖರ್ಚನ್ನು ಒಟ್ಟಾಗಿ ಹೇಳಿಬಿಡುತ್ತೇನೆ: ತೊಟ್ಟಿಗಳಿಗೆ 3.4 ಲಕ್ಷ, ಜಲ್ಲಿ ಮರಳಿಗೆ 2.3 ಲಕ್ಷ, ಇಬ್ಬರು ಸಲಹೆಗಾರರಿಗೆ 2.1 ಲಕ್ಷ, ಪೈಪು ಪಂಪಿಗೆ 95 ಸಾವಿರ, ಹಾಳೆಗೆ 85 ಸಾವಿರ, ಮಳೆನೀರಿನ ವ್ಯವಸ್ಥೆಗೆ 70 ಸಾವಿರ, ಎರಡು ಸಲದ ನಾಟಿಗೆ 60 ಸಾವಿರ, ಅಗೆತಕ್ಕೆ 55 ಸಾವಿರ, ಪರೀಕ್ಷೆಗಳಿಗೆ 48 ಸಾವಿರ. ಯಂತ್ರ ಕೂರಿಸುವ ಸಂಸ್ಕರಣಾ ಘಟಕಕ್ಕೆ 19 ಲಕ್ಷದ ದರಪಟ್ಟಿ ಬಂದಿತ್ತು. ಅದಕ್ಕೆ ದಿನವಿಡೀ ವಿದ್ಯುತ್ತು, ನೋಡಿಕೊಳ್ಳಲು ಒಬ್ಬ ಮನುಷ್ಯ ಬೇರೆ.

ನಾಟಿಯ ತಪ್ಪು ಪೂರ್ತಿ ನನ್ನದು. 2024ರ ಸುಗ್ಗಿಯ ಹೊತ್ತಿಗೇ ಘಟಕ ಚಾಲೂ ಆಗಲೆಂಬ ಆತುರದಲ್ಲಿ ಫೆಬ್ರುವರಿಯಲ್ಲೇ ಜೊಂಡು ನೆಡಿಸಿದೆ. ತೋಟದಲ್ಲಿ ಮೂವತ್ತು ವರ್ಷದಿಂದ ಇರುವ ಹಿರಿಯ ಆಳು, ‘ಅಕ್ಕಾ, ಇದೇನು ಜೊಂಡು ನೆಡೋ ಕಾಲವಾ? ಆರಿದ್ರಾ ಮಳೆ ಬೀಳಲಿ ತಡೀರಿ’ ಎಂದರು. ತಡೆಯಲಿಲ್ಲ. ಬೇರೂರದ ಸಸಿಗಳ ಮೇಲೆ ಹುಳಿ ನೀರು ಬಿತ್ತು, ಮೂರೇ ವಾರದಲ್ಲಿ ಎಲ್ಲವೂ ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಆ ಸುಗ್ಗಿಯ ನೀರನ್ನು ಟ್ಯಾಂಕರಿನಲ್ಲಿ ಹೊರಗೆ ಸಂಸ್ಕರಣೆಗೆ ಕಳಿಸಿದ ಖರ್ಚನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ, ಸೇರಿಸುವ ಧೈರ್ಯವೂ ಇಲ್ಲ. ಜೂನ್ ಕೊನೆಯಲ್ಲಿ ಆರಿದ್ರಾ ಮಳೆಗೆ ಮತ್ತೆ ನೆಟ್ಟೆವು: ಎರಡು ಮೂರು ಗೆಣ್ಣಿರುವ ಗೇಣುದ್ದದ ಗೆಡ್ಡೆ, ಚದರ ಮೀಟರಿಗೆ ನಾಲ್ಕು, ಅಂಚಿಗೆ ಕಾಬಾಳೆ. ಆರು ತಿಂಗಳು ಬರಿಯ ಬಾವಿ ನೀರು, ಶೌಚಾಲಯದ ನೀರು ಮಾತ್ರ. ಡಿಸೆಂಬರಿಗೆ ಜೊಂಡು ನನ್ನ ಎತ್ತರ ದಾಟಿತ್ತು.

2025ರ ಸುಗ್ಗಿ ನಿಜವಾದ ಪರೀಕ್ಷೆ. ಪೊರಕೆಯ ಫಲವಾಗಿ ಒಳಬರುವ ಬಿಒಡಿಯೇ 2,600ಕ್ಕೆ ಇಳಿದಿತ್ತು. ಮುಚ್ಚಿದ ತೊಟ್ಟಿಯಾಚೆ 640, ಮೊದಲ ಮಡಿಗಳಾಚೆ 130, ಕೊನೆಯ ಮಡಿಯಾಚೆ 46. ಮಾರ್ಚ್‌ನಲ್ಲಿ ಹತ್ತು ದಿನ ಕೊಳೆತ ಮೊಟ್ಟೆಯ ವಾಸನೆ ಬಂತು, ಸುಣ್ಣದ ಪ್ರಮಾಣ ಹೆಚ್ಚಿಸಿ ತೊಟ್ಟಿಯ ಮುಚ್ಚಳದ ಸಂದು ಮುಚ್ಚಿದ ಮೇಲೆ ನಿಂತಿತು. ಎಲ್ಲ ಸರಿಹೋಯಿತೆಂದುಕೊಳ್ಳುವಾಗ ಏಪ್ರಿಲ್‌ನ ಅಶ್ವಿನಿ ಮಳೆ ಸುರಿಯಿತು.

ಕೊನೆಯ ಶಿರಾಜ್ ಅರೆಯುತ್ತಿದ್ದೆವು. ಮುಕ್ಕಾಲು ಗಂಟೆಯಲ್ಲಿ 40 ಮಿಲಿಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್; ನಮ್ಮ ಚಾವಣಿ, ಅಂಗಳ ಸೇರಿ 600 ಚದರ ಮೀಟರ್. ಹಣ್ಣು ಅರೆಯುವ ಎಂಟು ದಿನದ ಕೊಳೆನೀರಿನಷ್ಟು ಮಳೆನೀರು, 24 ಸಾವಿರ ಲೀಟರ್, ಒಮ್ಮೆಗೇ ಚರಂಡಿಗೆ ನುಗ್ಗಿತು. ಸಮತೋಲನ ತೊಟ್ಟಿ ಉಕ್ಕಿತು, ಅಂಗಳದ ಸಿಪ್ಪೆ ತೇಲಿ ಬಂದು ಮೊದಲ ಮಡಿಯ ಮೇಲೆ ಕೆಂಪು ಕಂಬಳಿ ಹಾಸಿದಂತೆ ಕುಳಿತಿತು, ಮುಚ್ಚಿದ ತೊಟ್ಟಿಯ ಕೆಸರೆಲ್ಲ ಕದಡಿ ಮುಂದಕ್ಕೆ ಹೋಯಿತು. ಮೂರು ವರ್ಷ ಕೊಳೆನೀರಿನ ಲೆಕ್ಕವನ್ನೇ ಹಾಕುತ್ತಿದ್ದ ನಾವು ಮಳೆಗೂ ಅದೇ ಚರಂಡಿ ಕೊಟ್ಟಿದ್ದೇವೆಂಬುದು ಆ ಸಂಜೆ ಒದ್ದೆಯಾಗಿ ನಿಂತು ನೋಡುವಾಗ ಹೊಳೆಯಿತು. ನಕ್ಷೆ ನೋಡಿದ ಯಾರಿಗೂ ಹೊಳೆದಿರಲಿಲ್ಲ.

ತಿದ್ದಿದ್ದು ಹೀಗೆ. ಚಾವಣಿಯ 250 ಚದರ ಮೀಟರಿನ ನೀರಿಗೆ ಬೇರೆ ದೋಣಿ ಹಾಕಿ ನೇರವಾಗಿ ಕೃಷಿ ಹೊಂಡಕ್ಕೆ ಬಿಟ್ಟೆವು. ಹಣ್ಣು ಅರೆಯುವ ಕಟ್ಟೆಗೆ ತಗಡಿನ ಮಾಡು ಮಾಡಿಸಿ, ಸುತ್ತ ಗೇಣೆತ್ತರದ ಅಂಚು ಕಟ್ಟಿದೆವು. ಉಳಿದ ಅಂಗಳದಲ್ಲಿ ಮೊದಲ 10 ಮಿಲಿಮೀಟರ್ ಮಳೆ ಸಿಪ್ಪೆ, ರಸ, ಟ್ರ್ಯಾಕ್ಟರಿನ ಎಣ್ಣೆ ಎಲ್ಲವನ್ನೂ ತೊಳೆದು ತರುತ್ತದೆ. ಆ 3,500 ಲೀಟರನ್ನು ಹಿಡಿಯಲು 4,000 ಲೀಟರಿನ ತೊಟ್ಟಿಯಿಟ್ಟು, ಅಲ್ಲಿಂದ ನಿಧಾನವಾಗಿ ಮಡಿಗೆ ಬಿಡುತ್ತೇವೆ. ತೊಟ್ಟಿ ತುಂಬಿದ ಮೇಲಿನ ನೀರು ಲಾವಂಚ ನೆಟ್ಟ 30 ಮೀಟರಿನ ಆಳವಿಲ್ಲದ ಕಾಲುವೆಯಲ್ಲಿ ಹರಿದು, ಮಣ್ಣನ್ನು ಅಲ್ಲೇ ಬಿಟ್ಟು ಹೊಂಡ ಸೇರುತ್ತದೆ. ಸೆಪ್ಟೆಂಬರ್‌ನ ಉತ್ತರೆ ಮಳೆಗೆ ಕಾಲುವೆ ಕೊಚ್ಚಿಹೋಗಬಹುದೆಂಬ ಭಯದಿಂದ ಮೂರು ಕಡೆ ಅಡ್ಡಕಲ್ಲು ಇರಿಸಿದ್ದೆವು. ಒಂದು ಮಾತ್ರ ಕಿತ್ತುಬಂತು. ಸಿಪ್ಪೆಯಿಂದ ಕಟ್ಟಿಕೊಂಡಿದ್ದ ಮೊದಲ ಮಡಿಯ ಮೇಲ್ಪದರವನ್ನು ನಾಲ್ಕು ಬೆರಳು ಕೆರೆದು ತೆಗೆದು ಹೊಸ ಜಲ್ಲಿ ಹರಡಿ, ಒಂದೂವರೆ ತಿಂಗಳು ಒಣಗಲು ಬಿಟ್ಟೆವು, ಜೊಂಡು ಬದುಕಿಕೊಂಡಿತು.

ಆಗಸ್ಟಿನಲ್ಲಿ ಮರುಪರಿಶೀಲನೆಗೆ ಬಂದವರು ಸುಗ್ಗಿಯ ವರದಿಗಳನ್ನು ಕೇಳಿದರು, ದಿನಾಂಕ ನೋಡಿದರು, ಹಣ್ಣು ಅರೆದ ದಿನಗಳ ಅಬಕಾರಿ ಪುಸ್ತಕದೊಂದಿಗೆ ಹೋಲಿಸಿದರು. ಈ ಸಲ ಎರಡೂ ಹೊಂದಿದವು. ಬಂದ ಸಮ್ಮತಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಪ್ರತಿ ತಿಂಗಳೂ ಪರೀಕ್ಷೆ, ಹರಿವಿನ ಮೀಟರಿನ ದಿನವಹಿ ದಾಖಲೆ, ಸಂಸ್ಕರಿಸಿದ ನೀರನ್ನು ತೋಟದಾಚೆಗೆ ಬಿಡಬಾರದೆಂಬ ಷರತ್ತುಗಳಿವೆ. ಆ ನೀರು ಈಗ ನೇಪಿಯರ್ ಹುಲ್ಲಿಗೆ, ಬೇಲಿಯ ಹೊಂಗೆಗೆ ಹೋಗುತ್ತಿದೆ. ದ್ರಾಕ್ಷಿಗೆ ಬಿಟ್ಟಿಲ್ಲ, ಪೊಟ್ಯಾಸಿಯಂ ಹೆಚ್ಚಾದರೆ ರಸದ ಹುಳಿ ಇಳಿಯುತ್ತದೆಂದು ಮಾವನವರಿಗೆ ಅನುಮಾನ, ಆ ಅನುಮಾನಕ್ಕೆ ಕಾರಣವೂ ಇದೆ. ಹಿಂದಿನ ಇಂಗುಗುಂಡಿಯನ್ನು ಮಣ್ಣು ತುಂಬಿ ಮುಚ್ಚಿಸಿದ್ದೇವೆ, ಪಕ್ಕದವರ ಕೊಳವೆಬಾವಿಯ ನೀರನ್ನು ವರ್ಷಕ್ಕೆರಡು ಸಲ ನಮ್ಮ ಖರ್ಚಿನಲ್ಲೇ ಪರೀಕ್ಷೆ ಮಾಡಿಸಿ ವರದಿಯ ಪ್ರತಿಯನ್ನು ಅವರಿಗೆ ಕೊಡುತ್ತೇವೆ. ಮುಂದಿನ ವಾರ ಜೊಂಡನ್ನು ಮೊಣಕಾಲೆತ್ತರಕ್ಕೆ ಕೊಯ್ಯಬೇಕು. ಹಣ್ಣು ಅರೆಯಲು ಇನ್ನು ಎರಡೂವರೆ ತಿಂಗಳಿದೆ, ಅಷ್ಟರೊಳಗೆ ಹೊಸ ಚಿಗುರು ಬಂದಿರುತ್ತದೆ.